ನಿಂತದ್ದು ಎಷ್ಟು, ಕೂತದ್ದು ಎಷ್ಟು

ನನಗೀಗ 73. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಈ ವಯಸ್ಸಿನವರು ಬೆಳಿಗ್ಗೆ ವಾಕಿಂಗು, ಗುರುವಾರ ರಾಯರ ಮಠ, ಸಂಜೆ ಪಾರ್ಕಿನ ಕಲ್ಲುಬೆಂಚು ಅಂತ ಇರಬೇಕು. ನಾನೂ ಇದ್ದೇನೆ. ಆದರೆ ವರ್ಷಕ್ಕೆ ಒಂದೆರಡು ಸಲವಾದರೂ ತಲೆಕೆಳಗಾಗಿ ತೂಗುವ, ಗಿರಗಿರನೆ ತಿರುಗುವ, ಮೇಲಿಂದ ಧೊಪ್ಪನೆ ಬೀಳಿಸುವ ಯಂತ್ರಗಳ ಹತ್ತಿರ ಹೋಗದಿದ್ದರೆ ನನಗೆ ಸಮಾಧಾನವಿಲ್ಲ. ‘ಈ ವಯಸ್ಸಿನಲ್ಲಿ ಇದೇನು ಮಕ್ಕಳಾಟ?’ ಎಂದು ನೆಂಟರು ಕೇಳುತ್ತಾರೆ. ಮಕ್ಕಳಾಟವೇ, ಇಲ್ಲ ಎಂದವರಾರು?

ಈ ಹುಚ್ಚು ಹತ್ತಿದ್ದು ಮೈಸೂರಿನಲ್ಲಿ, ದಸರಾ ವಸ್ತುಪ್ರದರ್ಶನದಲ್ಲಿ. ಅಪ್ಪ ನನ್ನ ಕೈಗೂ ತಂಗಿಯ ಕೈಗೂ ನಾಲ್ಕು ನಾಲ್ಕಾಣೆ ಕೊಡುತ್ತಿದ್ದರು. ಅಷ್ಟರಲ್ಲಿ ಒಂದೇ ಸುಖಕ್ಕೆ ಅವಕಾಶ. ತಂಗಿ ಮೊರದಗಲದ ದೆಹಲಿ ಹಪ್ಪಳ ಕೊಳ್ಳುತ್ತಿದ್ದಳು. ನಾನು ಜಯಂಟ್ ವೀಲ್ ಹತ್ತುತ್ತಿದ್ದೆ. ಇಳಿದು ಬಂದಾಗ ಹಪ್ಪಳದಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದಳು. ನಾನು ಮಾತ್ರ ಅವಳಿಗೆ ಜಯಂಟ್ ವೀಲಿನಲ್ಲಿ ಅರ್ಧ ಕೊಡಲು ಆಗಲಿಲ್ಲ ನೋಡಿ. ಅಜ್ಜಿಯ ಊರಿನ ಜಾತ್ರೆಯಲ್ಲಿ ಮರದ ತೊಟ್ಟಿಲು ಇರುತ್ತಿತ್ತು. ನಾಲ್ಕೇ ತೊಟ್ಟಿಲು, ಕರೆಂಟಿಲ್ಲ, ಮೋಟಾರಿಲ್ಲ, ಇಬ್ಬರು ಗಟ್ಟಿಯಾಳುಗಳು ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ಅದು ಕಿರ್ರೆನ್ನುವ ಸದ್ದು ಇಂದಿಗೂ ಕಿವಿಯಲ್ಲಿದೆ.

1987ರಲ್ಲಿ ಬ್ಯಾಂಕಿನವರು ಎಲ್‌ಎಫ್‌ಸಿ ಕೊಟ್ಟಾಗ ಹೆಂಡತಿ, ಐದು ವರ್ಷದ ಮಗನನ್ನು ಕರೆದುಕೊಂಡು ದೆಹಲಿಗೆ ಹೋದೆ. ಎಲ್ಲರೂ ಕೆಂಪುಕೋಟೆ, ಕುತುಬ್ ಮಿನಾರ್ ನೋಡಿದರೆ ನಾವು ಅವುಗಳ ಜೊತೆಗೆ ಪ್ರಗತಿ ಮೈದಾನದ ಅಪ್ಪು ಘರ್ ಕೂಡ ನೋಡಿದೆವು. 1982ರ ಏಷ್ಯಾಡ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಿನ ಈ ಪಾರ್ಕು ಶುರುವಾದದ್ದು 1984ರಲ್ಲಿ. ನಮ್ಮ ದೇಶದ ಮೊದಲ ಅಮ್ಯೂಸ್‌ಮೆಂಟ್ ಪಾರ್ಕು ಅದೇ. 2008ರಲ್ಲಿ ಮುಚ್ಚಿತು. ಆ ಸುದ್ದಿ ಓದಿದ ದಿನ ಹಳೆಯ ಸಹೋದ್ಯೋಗಿ ಹೋದಷ್ಟೇ ಬೇಸರವಾಯಿತು.

ಆಮೇಲೆ 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ಬಂತು. ಕೇರಳದ ವಿ-ಗಾರ್ಡ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯ ಬಳಿ ವೀಗಾಲ್ಯಾಂಡ್ ಎಂಬ ಪಾರ್ಕು ಮಾಡಿದ್ದರು. ಇದು ಅವರ ಎರಡನೆಯದು. ಸ್ಟೆಬಿಲೈಸರ್ ಮಾರುವವರು ಜನರ ತಲೆ ತಿರುಗಿಸುವ ಯಂತ್ರ ತಂದರಲ್ಲ ಎಂದು ನಮ್ಮ ಬ್ರಾಂಚಿನಲ್ಲಿ ನಗೆಯಾಡಿದ್ದೆವು. ಮಗ ಕೆಲಸಕ್ಕೆ ಸೇರಿದ ಹೊಸತು. ತನ್ನ ಸಂಬಳದಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅವತ್ತಿನಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಬ್ಯಾಂಕಿನವನ ಚಾಳಿ, ಬಿಡುವುದು ಹೇಗೆ? ಎಡಗಡೆ ‘ನಿಂತದ್ದು’, ಬಲಗಡೆ ‘ಕೂತದ್ದು’. ಅಂದರೆ ಕ್ಯೂನಲ್ಲಿ ನಿಂತ ನಿಮಿಷ ಎಡಕ್ಕೆ, ಆಟದಲ್ಲಿ ಕೂತ ನಿಮಿಷ ಬಲಕ್ಕೆ. ದಿನದ ಕೊನೆಗೆ ಕೂಡಿಸುತ್ತೇನೆ. ಒಮ್ಮೆಯೂ ಟ್ಯಾಲಿ ಆಗಿಲ್ಲ. ಎಡಗಡೆಯೇ ಯಾವಾಗಲೂ ಭಾರ.

ಅತಿ ಕೆಟ್ಟ ಲೆಕ್ಕ ಬಂದದ್ದು ಬೇರೊಂದು ಪಾರ್ಕಿನಲ್ಲಿ. ಹೆಸರು ಬೇಡ. ಮೇ ತಿಂಗಳ ಭಾನುವಾರ, ಬಾಗಿಲು ತೆರೆದು ಎರಡು ಗಂಟೆಯಾದ ಮೇಲೆ ಆರಾಮವಾಗಿ ಹೋದೆವು. ಒಂದು ಆಟಕ್ಕೆ 95 ನಿಮಿಷ ನಿಂತು ಎರಡು ನಿಮಿಷ ಕೂತೆವು. ಪಕ್ಕದ ಮಗು ಕ್ಯೂನಲ್ಲೇ ನಿದ್ದೆ ಹೋಗಿ, ಸರದಿ ಬಂದಾಗ ಏಳಲೇ ಇಲ್ಲ. ತಪ್ಪು ಅವರದಲ್ಲ, ನನ್ನದೇ. ಮಾರ್ಚಿ 31ನೇ ತಾರೀಕು ಪಾಸ್‌ಬುಕ್ ಎಂಟ್ರಿಗೆ ಬರುವ ಗಿರಾಕಿಯನ್ನು ಬೈದುಕೊಳ್ಳುತ್ತಿದ್ದವನು ನಾನು. ಅದೇ ಕೆಲಸ ನಾನೇ ಮಾಡಿದ್ದೆ.

ಹಾಗಾಗಿ ಮೊದಲ ಮಾತು: ಮಂಗಳವಾರ, ಬುಧವಾರ, ಗುರುವಾರ. ರಜೆ ಇಲ್ಲದ ವಾರ. ಶಾಲೆ ತಪ್ಪಿಸಿ ಹೋಗಿ ಎಂದು ನಾನು ಹೇಳುತ್ತಿಲ್ಲ, ಮಕ್ಕಳೇ. ನಿಮ್ಮ ಶಾಲೆಗೆ ಮಾತ್ರ ರಜೆಯಿದ್ದು ಊರಿಗೆಲ್ಲ ಇಲ್ಲದ ದಿನಗಳು ವರ್ಷಕ್ಕೆ ಎರಡೋ ಮೂರೋ ಬರುತ್ತವೆ. ಶಾಲೆಯ ಡೈರಿ ಸಿಕ್ಕ ದಿನವೇ ಅವುಗಳಿಗೆ ಗುರುತು ಹಾಕಿ ತಾತನಿಗೆ ತೋರಿಸಿ. ಬಾಗಿಲು ತೆಗೆಯುವ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಒಳಗೆ ಹೋದ ಜನ ಎದುರಿಗೆ ಕಂಡ ಮೊದಲ ಆಟಕ್ಕೇ ಮುಗಿಬೀಳುತ್ತಾರೆ. ನೀವು ಅದನ್ನು ಬಿಟ್ಟು ಸೀದಾ ದೊಡ್ಡ ರೋಲರ್ ಕೋಸ್ಟರಿಗೆ ಹೋಗಿ. ಬಿಸಿಲೇರಿದ ಮೇಲೆ ನೀರಿನಾಟ. ಮಧ್ಯಾಹ್ನ ನೆಲ ಕಾವಲಿಯಂತೆ ಕಾದಿರುತ್ತದೆ, ಒಂದು ಜೊತೆ ಹವಾಯಿ ಚಪ್ಪಲಿ ಚೀಲದಲ್ಲಿರಲಿ. ನೀರಿಗಿಳಿಯಲು ನೈಲಾನ್ ಬಟ್ಟೆ ಕೇಳುತ್ತಾರೆ. ಕಾಟನ್ ಪಂಚೆ, ಲುಂಗಿ ನಡೆಯುವುದಿಲ್ಲ. ಮೊದಲ ಸಲ ನಾನು ಪಟ್ಟೆಪಟ್ಟೆ ಚಡ್ಡಿಯಲ್ಲಿ ಹೋಗಿ ವಾಪಸ್ ಬಂದವನು.

ಟಿಕೆಟಿನ ವಿಷಯ. ಮಕ್ಕಳಿಗೆ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ ದರ ಹಾಕುತ್ತಾರೆ. ಹಿರಿಯರಿಗೆ ರಿಯಾಯಿತಿ ಉಂಟು, ಆಧಾರ್ ಮರೆಯಬೇಡಿ. ಕೆಂಗೇರಿ ಕಡೆಯವರು ಕಾರೇ ಬೇಕು ಎಂದುಕೊಳ್ಳಬೇಡಿ. ಮೆಟ್ರೊ ನೇರಳೆ ಮಾರ್ಗ ಈಗ ಚಲ್ಲಘಟ್ಟದವರೆಗೂ ಇದೆ, ಅಲ್ಲಿಂದ ಮುಂದೆ ಮೈಸೂರು ರಸ್ತೆಯ ಬಸ್ಸು.

ಇನ್ನು ನನ್ನ ವಯಸ್ಸಿನವರಿಗೆ ಗುಟ್ಟಿನ ಎರಡು ಮಾತು. ಕನ್ನಡಕಕ್ಕೆ ದಾರ ಕಟ್ಟಿ. ಹಲ್ಲಿನ ಸೆಟ್ಟು ಇದ್ದವರು ಡಬ್ಬಿಯಲ್ಲಿಟ್ಟು ಲಾಕರಿಗೆ ಹಾಕಿ. ಅಲೆಗಳ ಕೊಳದಲ್ಲಿ ಒಬ್ಬರು ‘ಓ’ ಎಂದು ಬಾಯಿ ತೆರೆದು, ಆಮೇಲೆ ಅರ್ಧ ಗಂಟೆ ಎಲ್ಲರೂ ಸೇರಿ ಕಾಲಿನಿಂದ ತಡಕಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಿಕ್ಕಿತು. ಅವರು ಅದನ್ನು ಅಲ್ಲೇ ತೊಳೆದು ಹಾಕಿಕೊಂಡರು.

ಪುಟ್ಟ ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡುವವರಿದ್ದಾರೆ. ನೀರಿನಲ್ಲಿ ಚೀಟಿ ಹಿಟ್ಟಾಗುತ್ತದೆ. ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಿರಿ. ತಪ್ಪಿಸಿಕೊಂಡರೆ ಸೇರುವ ಜಾಗ ‘ಗೇಟು’ ಎಂದು ಹೇಳಬೇಡಿ, ಎಲ್ಲರೂ ಅದನ್ನೇ ಹೇಳಿರುತ್ತಾರೆ. ಮರದ ಕುದುರೆಗಳು ತಿರುಗುವ ಜಾಗ ಎನ್ನಿ. ಯಾವ ಮಗುವೂ ಅದನ್ನು ಮರೆಯುವುದಿಲ್ಲ.

ತಿಂಡಿಯ ಬಗ್ಗೆ ನನ್ನ ಅಭಿಪ್ರಾಯಗಳು ಗಟ್ಟಿ. ಬಿಡದಿಯ ಪಕ್ಕಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬಂದವರನ್ನು ನಾನು ಕ್ಷಮಿಸುವುದಿಲ್ಲ. ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದರೆ ಬಿಡದಿ ಊರು ಪಕ್ಕಕ್ಕೆ ಉಳಿದುಹೋಗುತ್ತದೆ. ಇಡ್ಲಿಗಾಗಿ ಹಳೆಯ ರಸ್ತೆಯಲ್ಲೇ ಹೋಗಬೇಕು. ತಟ್ಟೆಯಗಲ, ಹತ್ತಿಯಂಥ ಮೆತು, ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಆದರೆ ಎಚ್ಚರ: ಆಟಕ್ಕೆ ಮುಂಚೆ ಒಂದೇ ಇಡ್ಲಿ. ಎರಡನೆಯದು, ವಡೆ, ಕಾಫಿ ಎಲ್ಲ ವಾಪಸ್ ಬರುವಾಗ. ನಮ್ಮ ಅಳಿಯ ಒಮ್ಮೆ ಮೂರು ಇಡ್ಲಿ ಎರಡು ವಡೆ ಹೊಡೆದು ಕೊಲಂಬಸ್ ಹಡಗಿನ ತುದಿಯಲ್ಲಿ ಕೂತರು. ಮುಂದಿನದು ಮನೆಮಂದಿಯ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಹೊರಗಿನ ತಿಂಡಿಯನ್ನು ಪಾರ್ಕುಗಳಲ್ಲಿ ಒಳಗೆ ಬಿಡುವುದಿಲ್ಲ. ಇದಕ್ಕೆ ಹಿರಿಯರು ಗೇಟಿನಲ್ಲಿ ಜಗಳವಾಡುವುದನ್ನು ಪ್ರತಿ ಸಲ ನೋಡುತ್ತೇನೆ. ಜಗಳದಿಂದ ಪುಳಿಯೋಗರೆ ಒಳಗೆ ಹೋಗುವುದಿಲ್ಲ, ಸಮಯ ಮಾತ್ರ ಹೋಗುತ್ತದೆ. ಒಳಗೆ ಹೋಟೆಲುಗಳಿವೆ. ಒಂದು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತದೆ, ಆದ್ದರಿಂದ ಹನ್ನೆರಡಕ್ಕೇ ಊಟ ಮುಗಿಸಿ, ಜನ ತಟ್ಟೆ ಹಿಡಿದು ನಿಂತಾಗ ನೀವು ಆಟಕ್ಕೆ ನಿಲ್ಲಿ. ಊಟವೆಂದರೆ ಮೊಸರನ್ನ. ಗೋಬಿ ಮಂಚೂರಿ ಕೇಳುವ ಮಕ್ಕಳಿಗೆ ಸಂಜೆ ಕೊಡಿಸುವುದಾಗಿ ಮಾತು ಕೊಡಿ, ಮತ್ತು ಕೊಟ್ಟ ಮಾತು ಉಳಿಸಿಕೊಳ್ಳಿ. ನೀರಿನಿಂದ ಮೇಲೆ ಬಂದು, ನಡುಗುವ ಕೈಯಲ್ಲಿ ಬಿಸಿ ಮುಸುಕಿನ ಜೋಳ ಹಿಡಿದು ತಿಂದರೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ.

ಇನ್ನು ಆಟಗಳು. ಮಕ್ಕಳೇ, ರೋಲರ್ ಕೋಸ್ಟರ್ ಓಡುವಾಗ ಅದಕ್ಕೆ ಎಂಜಿನ್ ಇರುವುದಿಲ್ಲ, ಗೊತ್ತೇ? ಮೊದಲ ದಿಬ್ಬಕ್ಕೆ ಸರಪಳಿ ಎಳೆದುಕೊಂಡು ಹೋಗುತ್ತದೆ. ಟಕ್ ಟಕ್ ಟಕ್ ಎಂದು ಎದೆ ನಡುಗಿಸುವ ಸದ್ದು ಬರುತ್ತದಲ್ಲ, ಅದು ನಮ್ಮನ್ನು ಹೆದರಿಸಲು ಇಟ್ಟದ್ದಲ್ಲ. ಹಳಿಯಲ್ಲಿ ಹಲ್ಲುಗಳಿರುತ್ತವೆ, ಗಾಡಿಯ ಅಡಿಯ ಕೊಂಡಿ ಒಂದೊಂದೇ ಹಲ್ಲನ್ನು ದಾಟಿ ಬೀಳುವ ಸದ್ದದು. ಸರಪಳಿ ಕೈಕೊಟ್ಟರೂ ಗಾಡಿ ಹಿಂದಕ್ಕೆ ಜಾರದಂತೆ ಆ ಹಲ್ಲು ಹಿಡಿದುಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ನನಗೆ ಆ ಸದ್ದು ಜೋಗುಳದಂತೆ ಕೇಳುತ್ತದೆ.

ಎತ್ತರಕ್ಕೆ ಹೋಗುವುದು ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟ ಹಾಗೆ. ಇಳಿಯುವಾಗ ಆ ಹಣ ತೆಗೆದು ವೇಗಕ್ಕೆ ಖರ್ಚು ಮಾಡುತ್ತೇವೆ. ಮತ್ತೆ ದಿಬ್ಬ ಹತ್ತಿದರೆ ಹಣ ಮತ್ತೆ ಜಮಾ. ಆದರೆ ಗಾಳಿ ಮತ್ತು ಗಾಲಿಯ ಉಜ್ಜಾಟ ಪ್ರತಿ ಸಲ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತವೆ, ಬ್ಯಾಂಕ್ ಚಾರ್ಜ್ ಇದ್ದಂತೆ. ಅದಕ್ಕೇ ಮೊದಲ ದಿಬ್ಬವೇ ಎಲ್ಲಕ್ಕಿಂತ ಎತ್ತರ. ಮುಂದಿನವು ಅದಕ್ಕಿಂತ ಗಿಡ್ಡ. ವಂಡರ್‌ಲಾದಲ್ಲಿ ರಿಕಾಯಿಲ್ ಎಂಬುದೊಂದಿದೆ. ಅದು ನಿಮ್ಮನ್ನು ಹಿಂದುಹಿಂದಕ್ಕೆ ಎಳೆದು ಮೇಲೇರಿಸಿ ಬಿಡುತ್ತದೆ. ಮುಂದಕ್ಕೆ ನುಗ್ಗಿ, ಸುತ್ತಿ, ತಲೆಕೆಳಗಾಗಿ, ಎದುರಿನ ಇಳಿಜಾರು ಹತ್ತಿ, ಅಲ್ಲಿಂದ ಅದೇ ದಾರಿಯಲ್ಲಿ ಹಿಮ್ಮುಖವಾಗಿ ವಾಪಸ್. ಎದುರಿನ ಇಳಿಜಾರಿನಲ್ಲಿ ಸರಪಳಿ ಇನ್ನೊಂದಿಷ್ಟು ಮೇಲಕ್ಕೆ ಎಳೆದು ಕೊಡುತ್ತದೆ. ಮುರಿದುಹೋದ ಚಾರ್ಜನ್ನು ಅಲ್ಲಿ ತುಂಬಿಕೊಡುತ್ತದೆ ಎನ್ನಿ.

ಧೈರ್ಯವಂತರೆಲ್ಲ ಮುಂದಿನ ಸೀಟಿಗೆ ಹೊಡೆದಾಡುತ್ತಾರೆ. ಮುಂದೆ ಕೂತರೆ ಕಣ್ಣಿಗೆ ಭಯ, ಹಿಂದೆ ಕೂತರೆ ಹೊಟ್ಟೆಗೆ ಭಯ. ಸಾಮಾನ್ಯ ಕೋಸ್ಟರಿನಲ್ಲಿ ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತ ವೇಗ ಹಿಡಿದಿರುತ್ತವೆ, ಕೊನೆಯ ಡಬ್ಬಿಯನ್ನು ದಿಬ್ಬದ ನೆತ್ತಿಯಿಂದ ಚಾಟಿಯಂತೆ ಸೆಳೆಯುತ್ತವೆ. ಕೊಲಂಬಸ್ ಹಡಗಿನಲ್ಲೂ ಅಷ್ಟೆ. ನಡುವೆ ಕೂತವರು ತೊಟ್ಟಿಲ ಮಕ್ಕಳು, ತುದಿಯವರದೇ ನಿಜವಾದ ಆಟ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವುದು ಯಾಕೆಂದರೆ, ನೀವೂ ಸೀಟೂ ಒಟ್ಟಿಗೆ ಬೀಳುತ್ತಿರುವಾಗ ಸೀಟು ನಿಮ್ಮನ್ನು ಒತ್ತಿ ಹಿಡಿಯುವುದಿಲ್ಲ. ಒಳಗಿನ ಕರುಳು, ಜಠರ ಕೂಡ ಆ ಕ್ಷಣ ತೂಕ ಕಳೆದುಕೊಂಡಂತೆ ತೇಲುತ್ತವೆ.

ತಲೆ ಸುತ್ತುವವರಿಗೆ: ಕಣ್ಣು ಒಂದು ಹೇಳಿ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳಿದಾಗ ಮಿದುಳಿಗೆ ಗೊಂದಲವಾಗುತ್ತದೆ. ಜಯಂಟ್ ವೀಲಿನಲ್ಲಿ ಕೆಳಗೆ ನೋಡದೆ ದೂರದ ಬೆಟ್ಟ ನೋಡಿ. ಗಿರಗಿರ ತಿರುಗುವ ಬಟ್ಟಲುಗಳು ನನಗೆ ಆಗುವುದಿಲ್ಲ, ಎಷ್ಟೇ ಬಣ್ಣ ಬಳಿದರೂ ಅವು ಮಿಕ್ಸಿ ಜಾರ್‌ಗಳೇ ಎಂಬುದು ನನ್ನ ಅಭಿಪ್ರಾಯ.

ಮೊಟ್ಟಮೊದಲ ಜಯಂಟ್ ವೀಲನ್ನು ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 1893ರಲ್ಲಿ ಷಿಕಾಗೊದ ವಿಶ್ವ ವಸ್ತುಪ್ರದರ್ಶನಕ್ಕೆ ಕಟ್ಟಿದ. ಪ್ಯಾರಿಸ್ಸಿನವರು ಐಫೆಲ್ ಗೋಪುರ ಕಟ್ಟಿದ್ದರಲ್ಲ, ಅದಕ್ಕೆ ಸಡ್ಡು ಹೊಡೆಯಲು. ಎತ್ತರ 264 ಅಡಿ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಗುಣಿಸಿ ನೋಡಿ: ಒಂದು ಸಲಕ್ಕೆ 2160 ಜನ! ಎರಡು ಸುತ್ತಿಗೆ 50 ಸೆಂಟ್ಸ್. ಅದಕ್ಕೂ ಮುಂಚೆ, 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಥಾಂಪ್ಸನ್ ಎಂಬಾತ ರೋಲರ್ ಕೋಸ್ಟರ್ ಓಡಿಸಿದ್ದ. ವೇಗ ಗಂಟೆಗೆ ಆರೇ ಮೈಲಿ. ನಮ್ಮ ಟಾಂಗಾ ಅದಕ್ಕಿಂತ ಜೋರು. ಆದರೂ ಜನ ಐದೈದು ಸೆಂಟ್ ಕೊಟ್ಟು ಸಾಲುಗಟ್ಟಿದರು. ಅವರೂ ಎಷ್ಟು ಹೊತ್ತು ನಿಂತರೋ, ಲೆಕ್ಕ ಇಟ್ಟವರಿದ್ದರೆ ಕೈಕುಲುಕಬೇಕೆನಿಸುತ್ತದೆ.

ಇಷ್ಟೆಲ್ಲ ಬರೆದವನು ಕಳೆದ ಸಲ ಏನಾಯಿತು ಎಂದೂ ಹೇಳಬೇಕು. ಇಲ್ಲದಿದ್ದರೆ ಖಾತೆ ಪೂರ್ತಿಯಾಗುವುದಿಲ್ಲ.

ನಮ್ಮ ಮೊಮ್ಮಗಳು ಪುಟ್ಟಿಗೆ ಹತ್ತು ವರ್ಷ. ಎರಡು ವರ್ಷದ ಹಿಂದೆ ದೊಡ್ಡ ಕೋಸ್ಟರಿನ ಬಾಗಿಲಲ್ಲಿ ಅಳತೆಯ ಗೆರೆಗಿಂತ ಗಿಡ್ಡ ಇದ್ದಾಳೆಂದು ಅವಳನ್ನು ಬಿಟ್ಟಿರಲಿಲ್ಲ. ಸರಿಯಾದದ್ದೇ. ಕೂತಾಗ ಭುಜಕ್ಕೆ ಬಂದು ಒತ್ತುವ ಕಬ್ಬಿಣದ ಪಟ್ಟಿ ಆ ಎತ್ತರದವರಿಗೆಂದೇ ಮಾಡಿದ್ದು. ಅವಳು ಅತ್ತಳು. ನಾನು ಮಾತು ಕೊಟ್ಟೆ: ‘ನೀನು ಎತ್ತರವಾಗು, ನಾನೇ ಪಕ್ಕದಲ್ಲಿ ಕೂತು ಕರೆದುಕೊಂಡು ಹೋಗ್ತೀನಿ.’ ಮನೆಗೆ ಬಂದು ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಅದೇ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದೆವು. ತಿಂಗಳ ಮೊದಲ ಭಾನುವಾರ ಅವಳು ಅಲ್ಲಿ ನಿಲ್ಲುತ್ತಿದ್ದಳು. ನಾನು ಸ್ಕೇಲ್ ಇಟ್ಟು ನೋಡುತ್ತಿದ್ದೆ. ಈ ವರ್ಷ ಜೂನಿನಲ್ಲಿ ತಲೆ ಗೆರೆ ದಾಟಿತು.

ಈ ನಡುವೆ ನನ್ನದೂ ಒಂದು ಏರಿತ್ತು. ಬಿಪಿ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು. ಬೆಳಿಗ್ಗೆ ತಿಂಡಿ ಆದ ಮೇಲೆ ಮಾತ್ರೆ, ನೀರು ತಂದು ಕೈಗಿಡುವ ಕೆಲಸ ಪುಟ್ಟಿಯದೇ. ಆ ಡಾಕ್ಟರ ಹತ್ತಿರ ರೋಲರ್ ಕೋಸ್ಟರ್ ವಿಚಾರ ನಾನು ಎತ್ತಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು.

ಹೋದೆವು. ಗುರುವಾರ. ಕ್ಯೂ ಚಿಕ್ಕದಿತ್ತು, 20 ನಿಮಿಷ. ಇನ್ನೇನು ನಾಲ್ಕು ಜನ ಮುಂದೆ ಎನ್ನುವಾಗ ಪುಟ್ಟಿ ಪಕ್ಕದ ಬೋರ್ಡು ಓದತೊಡಗಿದಳು. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಜೋರಾಗಿ ಓದು ಎಂದು ಕಲಿಸಿದವನು ನಾನೇ. ಹೃದಯದ ತೊಂದರೆ ಇರುವವರು, ಬೆನ್ನುನೋವು ಇರುವವರು, ಗರ್ಭಿಣಿಯರು, ರಕ್ತದೊತ್ತಡ ಇರುವವರು... ಅಲ್ಲಿ ನಿಲ್ಲಿಸಿದಳು.

‘ತಾತ, ರಕ್ತದೊತ್ತಡ ಅಂದ್ರೆ ಬಿಪಿ ಅಲ್ವಾ?’

‘ಹೂಂ.’

‘ನಿಮಗೆ ಇದೆಯಲ್ಲ.’

‘ಮೆಲ್ಲಗೆ ಮಾತಾಡು ಪುಟ್ಟಿ. ಸ್ವಲ್ಪ ಇದೆ ಅಷ್ಟೆ.’

‘ಇಲ್ಲಿ ಸ್ವಲ್ಪ ಅಂತ ಬರೆದಿಲ್ಲ.’

ಮುಂದಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ಕಾದದ್ದು ಅವಳೊಬ್ಬಳೇ ಅಲ್ಲ, ನಾನೂ ಕಾದಿದ್ದೆ. ‘ಹಾಗಾದ್ರೆ ಇಬ್ಬರೂ ವಾಪಸ್ ಹೋಗೋಣ ಬಾ’ ಎಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. 36 ವರ್ಷ ಕೌಂಟರಿನಲ್ಲಿ ಕೂತು, ಫಾರಂನಲ್ಲಿ ಒಂದು ಸಹಿ ಕಡಿಮೆಯಾದರೆ ಎಷ್ಟು ದೊಡ್ಡ ಮನುಷ್ಯರನ್ನೂ ವಾಪಸ್ ಕಳಿಸಿದವನು ನಾನು. ಹತ್ತು ವರ್ಷದ ಹುಡುಗಿ ಅದೇ ಕೆಲಸ ಮಾಡಿದಾಗ ತಡೆದುಕೊಳ್ಳಲು ಆಗಲಿಲ್ಲ.

ಆ ಕಾಲೇಜು ಹುಡುಗರ ಜೊತೆ ಒಬ್ಬಳು ಹುಡುಗಿ ಇದ್ದಳು. ‘ಅಂಕಲ್, ನನ್ನ ಪಕ್ಕ ಕೂರಿಸ್ಕೋತೀನಿ, ಕಳಿಸಿ’ ಎಂದಳು. ಪುಟ್ಟಿ ನನ್ನನ್ನು ನೋಡಿದಳು. ಕೇಳಿದ್ದು ಇಷ್ಟೇ: ‘ನೀವು ಕೆಳಗೇ ಇರ್ತೀರಲ್ವಾ?’ ಅವಳ ಕನ್ನಡಕ ಈಸಿಕೊಂಡು ಪಕ್ಕದ ಬಾಗಿಲಿನಿಂದ ಹೊರಬಂದೆ.

ಹೊರಗೆ ಬೆಂಚಿನ ಮೇಲೆ ನಮ್ಮ ಮನೆಯಾಕೆ ಕೂತಿದ್ದಳು, ಸುತ್ತ ನಾಲ್ಕು ಚೀಲ, ಮಡಿಲಲ್ಲಿ ಎಲ್ಲರ ಮೊಬೈಲು. ಇಪ್ಪತ್ತು ವರ್ಷದಿಂದ ಅವಳ ಜಾಗ ಅದು. ಆಟ ಹತ್ತುವುದಿಲ್ಲ, ಚೀಲ ಕಾಯುತ್ತಾಳೆ. ನಾನು ಹೋಗಿ ಕೂತಾಗ ಏನೂ ಕೇಳಲಿಲ್ಲ, ಒಂದು ಚೀಲ ಸರಿಸಿ ಜಾಗ ಮಾಡಿದಳು. ಗಾಡಿ ಮೇಲೇರತೊಡಗಿತು. ಆಗ ನೋಡಿದೆ, ಅವಳ ತುಟಿ ಅಲ್ಲಾಡುತ್ತಿತ್ತು. ಒಂದು, ಎರಡು, ಮೂರು...

‘ಏನೇ ಅದು?’

‘ಎಣಿಸ್ತಿದೀನಿ. ಮುಗಿಯೋವರೆಗೂ ಎಣಿಸ್ತೀನಿ. ನೀವು ಹೋದಾಗ್ಲೂ ಎಣಿಸ್ತಿದ್ದೆ. ಸುಮ್ನಿರಿ, ತಪ್ಪಿಹೋಗುತ್ತೆ.’

ನನ್ನ ನೋಟ್‌ಬುಕ್ಕಿನಲ್ಲಿ ನಿಂತದ್ದಿದೆ, ಕೂತದ್ದಿದೆ. ಇವಳ ಎಣಿಕೆ ಯಾವ ಪುಟದಲ್ಲೂ ಇಲ್ಲ. ಗಾಡಿ ಬಿಟ್ಟುಕೊಂಡಿತು. ಕಿರುಚಾಟದಲ್ಲಿ ಪುಟ್ಟಿಯದು ಯಾವುದೆಂದು ಗೊತ್ತಾಗಲಿಲ್ಲ. ಮೇಲೆ ಕೂತಾಗ ಎರಡು ನಿಮಿಷ ಎಷ್ಟು ಬೇಗ ಮುಗಿಯುತ್ತದೆ ಎಂದು ಗೊಣಗುತ್ತಿದ್ದವನಿಗೆ ಕೆಳಗೆ ಕೂತಾಗ ಅದು ಮುಗಿಯಲೇ ಇಲ್ಲ. ಇಬ್ಬರೂ ಎಣಿಸಿದೆವು. ನನ್ನ ಲೆಕ್ಕಕ್ಕೂ ಅವಳದಕ್ಕೂ ಆರು ವ್ಯತ್ಯಾಸ ಬಂತು. ಅವಳದೇ ಸರಿಯಿರಬೇಕು, ಅಭ್ಯಾಸ ಹೆಚ್ಚು.

ಪುಟ್ಟಿ ಓಡಿ ಬಂದಳು. ಕೂದಲು ಕೆದರಿ, ಮುಖ ಬಿಳುಚಿಕೊಂಡು, ಹಲ್ಲು ಕಿರಿದುಕೊಂಡು. ‘ತಾತ, ಟಕ್ ಟಕ್ ಬಂತು! ಹಲ್ಲು ಹಿಡ್ಕೊಂಡಿರುತ್ತೆ ಅಂತ ನಾನೇ ಆ ಅಕ್ಕಂಗೆ ಹೇಳ್ದೆ. ಅವಳು ಅಳ್ತಿದ್ಲು!’ ಕನ್ನಡಕ ಹಾಕಿಕೊಂಡು, ಇನ್ನೊಂದು ಸಲ ಹೋಗಲೇ ಎಂದು ಕೇಳಿದಳು. ಆಕೆ ಪರ್ಸಿನಿಂದ ಎರಡು ಪೆಪ್ಪರ್‌ಮಿಂಟ್ ತೆಗೆದು ಒಂದು ಅವಳಿಗೆ, ಒಂದು ನನಗೆ ಕೊಟ್ಟಳು.

ಮಧ್ಯಾಹ್ನ ಮೂವರೂ ಸ್ಕೈ ವೀಲ್ ಹತ್ತಿದೆವು. ಎತ್ತರದ ಗೋಪುರದ ನೆತ್ತಿಯ ಮೇಲೆ ಕೂರಿಸಿದ ಜಯಂಟ್ ವೀಲ್ ಅದು, ನಿಧಾನ ತಿರುಗುತ್ತದೆ. ಹತ್ತುವ ಮುಂಚೆ ಪುಟ್ಟಿ ಅಲ್ಲಿಯ ಬೋರ್ಡನ್ನೂ ಪೂರ್ತಿ ಓದಿದ ಮೇಲೆಯೇ ನನ್ನನ್ನು ಬಿಟ್ಟಳು. ಚೀಲಗಳನ್ನು ಲಾಕರಿನಲ್ಲಿಟ್ಟಿದ್ದೆವು. ಮೊದಲ ಸಲ ಆಟವೊಂದಕ್ಕೆ ಬಂದ ನಮ್ಮಾಕೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಕಣ್ಣು ಮುಚ್ಚಿದಳು. ಮೇಲೆ ತಲುಪಿದಾಗ ದೂರದ ಬೆಟ್ಟ ನೋಡು ಎಂದೆ. ನೋಡಿದಳು. ‘ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ’ ಎಂದು ನನ್ನನ್ನೇ ಬೈದಳು.

ವಾಪಸ್ ಬರುತ್ತ ಬಿಡದಿಯಲ್ಲಿ ಎರಡನೆಯ ಇಡ್ಲಿ ತಿಂದೆವು. ರಾತ್ರಿ ನೋಟ್‌ಬುಕ್ ತೆಗೆದು ಮೂರನೆಯ ಕಾಲಂ ಒಂದನ್ನು ಎಳೆದೆ: ‘ಕಾದದ್ದು’. ಹಿಂದಿನ ಇಪ್ಪತ್ತು ವರ್ಷದ್ದು ಬರೆಯಲು ಅಂಕಿಯಿಲ್ಲ, ಖಾಲಿ ಬಿಟ್ಟಿದ್ದೇನೆ. ಮುಂದಿನ ತಿಂಗಳು ಪುಟ್ಟಿಯ ಶಾಲೆಗೆ ಮಾತ್ರ ರಜೆಯಿರುವ ಒಂದು ಬುಧವಾರ ಇದೆಯಂತೆ. ಡಾಕ್ಟರನ್ನು ಈ ಸಲ ಕೇಳಿದ್ದೇನೆ. ಅಲೆಗಳ ಕೊಳಕ್ಕೆ ಮೊಳಕಾಲವರೆಗೆ ಇಳಿಯಲು ಒಪ್ಪಿಗೆ ಸಿಕ್ಕಿದೆ. ನಮ್ಮಾಕೆಗೆ ನೈಲಾನ್ ಬಟ್ಟೆ ಕೊಳ್ಳಬೇಕು, ಅವಳು ಇನ್ನೂ ಒಪ್ಪಿಲ್ಲ.